ಅವ್ವಗ ಸಾರು ಆಗೂದಿಲ್ಲಂತ

ಆಗೆಲ್ಲ ಹವಾ ಬದಲಾದರೆ ಎಂಥ ಜಡ್ಡೂ ಹೋಗುತ್ತದೆ ಎಂದು ದೊಡ್ಡವರು ನಂಬಿದ್ದರು. ಅರವತ್ತರ ದಶಕದ ಆ ಚಳಿಗಾಲದಲ್ಲಿ, ಸೂರತ್ತಿನ ಬಳಿಯ ಉಧ್ನಾದ ರೈಲ್ವೆ ಕ್ವಾರ್ಟರ್ಸಿನಲ್ಲಿ ಕೆಮ್ಮಿ ಕೆಮ್ಮಿ ಸೊರಗಿದ್ದ ಅವ್ವನನ್ನು ಅಪ್ಪ ಡುಮಸ್ ಕಡಲ ದಂಡೆಯ ಒಂದು ಹಳ್ಳಿಯ ಅತಿಥಿಗೃಹಕ್ಕೆ ಕರೆದುಕೊಂಡು ಹೋದ. ನಾನು ಆಗಷ್ಟೇ ಗದಗದ ಅಜ್ಜಿಯ ಮನೆಯಿಂದ ಬಂದಿದ್ದೆ. ಗುಜರಾತಿ ನನ್ನ ಕಿವಿಗೆ ಬರೀ ಛೆ, ಛೆ, ಛೆ. ಇವರೆಲ್ಲ ಮಾತುಮಾತಿಗೆ ಯಾಕಿಷ್ಟು ಅಸಹ್ಯಪಡುತ್ತಾರೆ ಎಂದು ಸಿಟ್ಟೇ ಬರುತ್ತಿತ್ತು. 'ಇದೆ' ಅನ್ನುವುದಕ್ಕೆ ಅವರು ಛೆ ಅನ್ನುತ್ತಾರೆಂದು ಆಗ ಗೊತ್ತಿರಲಿಲ್ಲ.

ದಂಡೆಯ ಉಸುಕು ಅಲ್ಲಿ ಕಪ್ಪು. ಓಡಿ ಬಂದರೆ ಅಂಗಾಲೆಲ್ಲ ಮಸಿ. ಅವ್ವ ಸರ್ವೆ ಮರದ ಕೆಳಗೆ ಶಾಲು ಹೊದ್ದು ಕೂತು, "ಬಂತ ನೋಡ್ರಿ ಒಲ್ಯಾಗಿನ ಬೆಕ್ಕು!" ಎಂದು ನಗುತ್ತಿದ್ದಳು, ಆಮೇಲೆ ಕೆಮ್ಮುತ್ತಿದ್ದಳು. ಒಂದು ದಿನ ಹೊಲದ ಬದುವಿನಲ್ಲಿ ಎಳೆಜೋಳದ ತೆನೆಯನ್ನು ಬೂದಿಯಲ್ಲಿ ಸುಟ್ಟು ಬಡಿಯುತ್ತಿದ್ದರು. ಅವರ ಮಾತಿನಲ್ಲಿ ಅದು ಪೋಂಕ್. ಆ ವಾಸನೆಗೆ ಅವ್ವ ಎದ್ದೇ ನಿಂತಳು. "ಅಯ್ಯ, ಇದು ನಮ್ಮ ಸೀತನೀನ ಅಲ್ಲೇನ!" ಬೊಗಸೆ ತುಂಬ ತಿಂದಳು. ಅಷ್ಟು ಆಸೆಯಿಂದ ಅವಳು ತಿಂದದ್ದನ್ನು ನಾನು ಮತ್ತೆ ನೋಡಲಿಲ್ಲ.

ಅಪ್ಪನ ಆಸೆಯೆಲ್ಲ ಇದ್ದದ್ದು ಅಲ್ಲೇ ಕಡಲು ಸೇರುವ ನದಿಯ ಆಚೆ ದಡದ ಹಜೀರಾದ ಮೇಲೆ. ಅಲ್ಲಿಯ ಬಾವಿಯ ನೀರಿನಲ್ಲಿ ಕಬ್ಬಿಣದ ಸತ್ವವಿದೆ, ಕುಡಿದವರು ಎದ್ದು ಓಡಾಡುತ್ತಾರೆ ಎಂದು ಯಾರೋ ತಲೆ ತುಂಬಿದ್ದರು. ದಿನಾ ಬೆಳಿಗ್ಗೆ ದೋಣಿ ಕೇಳಲು ಹೋಗುತ್ತಿದ್ದೆವು. ಅಂಬಿಗ ಗಾಳಿ ನೋಡಿ, "ಆಜ್ ನಹೀಂ ಥಾಯ್" ಅನ್ನುತ್ತಿದ್ದ.

"ಏನಂದಾ ಅಪ್ಪಾ?"

"ಇವತ್ತ ಆಗೂದಿಲ್ಲಂತವಾ."

ಗುಜರಾತಿಯಲ್ಲಿ ನಾನು ಕಲಿತ ಮೊದಲ ಮಾತೇ 'ಆಗೂದಿಲ್ಲ'.

ಒಂದು ಮಧ್ಯಾಹ್ನ ಸೂರತ್ತಿನಿಂದ ಡಾಕ್ಟರು ಬಂದರು. ಅವ್ವನನ್ನು ನೋಡಿ ವರಾಂಡಕ್ಕೆ ಹೋಗಿ ಅಪ್ಪನಿಗೆ ಮೆಲ್ಲಗೆ ಏನೋ ಹೇಳಿದರು. ಕಂಬದ ಹಿಂದಿದ್ದ ನನಗೆ ಕಡೆಯ ಮಾತು ಕೇಳಿಸಿತು: "ಬೆನ್‌ನೆ ಸಾರು ನಹೀಂ ಥಾಯ್." ಅವ್ವನನ್ನು ಅಲ್ಲಿ ಎಲ್ಲರೂ ಬೆನ್ ಅನ್ನುತ್ತಿದ್ದರು. ಅರೆ, ಪೂರಾ ತಿಳಿಯಿತಲ್ಲ! ಹಿಗ್ಗಿನಿಂದ ಒಳಗೆ ಓಡಿದೆ.

"ಅವ್ವಾ, ನಿನಗ ಸಾರು ಆಗೂದಿಲ್ಲಂತ! ಡಾಕ್ಟರ್ ಹೇಳಿದ್ರು!"

ಹಾಸಿಗೆಯ ಮೇಲೆ ಕೂತು ನನ್ನ ರಿಬ್ಬನ್ ಮಡಚುತ್ತಿದ್ದ ಅವ್ವ ಕೈ ನಿಲ್ಲಿಸಿದಳು. "ಅವರು ಹ್ಯಾಂಗಂದ್ರು, ಹಂಗ ಹೇಳು."

ಚಾಚೂ ತಪ್ಪದೆ ಒಪ್ಪಿಸಿದೆ. ಅವ್ವ ಸೂರತ್ತಿಗೆ ಬಂದು ವರ್ಷಗಳಾಗಿದ್ದವು. ಗುಜರಾತಿಯಲ್ಲಿ ಸಾರು ಅಂದರೆ ಒಳ್ಳೆಯದು, ಸಾರು ಆಗುವುದು ಅಂದರೆ ವಾಸಿಯಾಗುವುದು ಎಂದು ಅವಳಿಗೆ ಗೊತ್ತಿತ್ತು. ನನಗೆ ಗೊತ್ತಾದದ್ದು ಎಷ್ಟೋ ಕಾಲದ ಮೇಲೆ. ಅವ್ವ ನನ್ನ ಕೆನ್ನೆ ತಟ್ಟಿ, "ಶ್ಯಾಣ್ಯಾಕಿ. ಎಷ್ಟ ಲಗೂ ಕಲತಿ," ಅಂದಳು.

ಅಪ್ಪ ನಗುತ್ತಲೇ ಒಳಗೆ ಬಂದ. "ಹಜೀರಾದ ನೀರು ಕುಡದ್ರ ಯುಗಾದಿಯೊಳಗ ಗುಣ ಆಗ್ತದಂತ!"

"ಹೌದಾ? ಛಲೋ ಆತು," ಅಂದಳು ಅವ್ವ.

ಮರುದಿನ ಗಾಳಿ ಇಳಿದಿತ್ತು. ದೋಣಿ ಸಿಕ್ಕಿತು. ಬಾವಿಯ ನೀರು ಬಾಯಿಗಿಟ್ಟ ಅವ್ವ, "ಇಶ್ಶೀ, ತುಕ್ಕಿನ ವಾಸ್ನಿ!" ಅಂದಳು. ಆದರೂ ಅಪ್ಪ ಕೊಟ್ಟಷ್ಟನ್ನೂ ಕುಡಿದಳು. ಅವನು ಪ್ರತಿ ಲೋಟಕ್ಕೂ ಅವಳ ಮುಖವನ್ನೇ ನೋಡುತ್ತಿದ್ದ. ಆಮೇಲೆ ಬುತ್ತಿ ಬಿಚ್ಚಿದೆವು. ಅಪ್ಪನೇ ಬೆಳಿಗ್ಗೆ ಎದ್ದು ಸಾರು ಮಾಡಿ ಡಬ್ಬಿಯಲ್ಲಿ ತಂದಿದ್ದ. ಅವಳ ಅನ್ನಕ್ಕೆ ಬಡಿಸಹೋದಾಗ ಅವ್ವ ಕೈ ಅಡ್ಡ ಹಿಡಿದಳು.

"ಬ್ಯಾಡ. ನನಗ ಸಾರು ಆಗೂದಿಲ್ಲಂತಲ್ಲ."

"ಯಾರಂದ್ರು?"

"ಡಾಕ್ಟರ್."

ಅಪ್ಪನ ಕೈಯ ಸೌಟು ಅಲ್ಲೇ ನಿಂತಿತು. ನನ್ನನ್ನೊಮ್ಮೆ ನೋಡಿದ, ಅವಳನ್ನೊಮ್ಮೆ ನೋಡಿದ. ಸೌಟಿನ ಸಾರು ಅವನ ಪಂಚೆಯ ಮೇಲೆ ಸುರಿಯಿತು. "ಅಯ್ಯ, ಪಂಚೆ ಹಾಳಾತಲ್ರೀ," ಎಂದು ಅವ್ವ ಸೆರಗಿನಿಂದ ಒರೆಸತೊಡಗಿದಳು. ಅಪ್ಪ ನದಿಯ ಕಡೆ ಮುಖ ತಿರುಗಿಸಿ ಅತ್ತ. ನಾನೋ, ಉಳಿದ ಸಾರೆಲ್ಲ ನನಗೇ ಎಂದು ಕುಣಿದೆ.

ಯುಗಾದಿಗೆ ಅವ್ವ ಇರಲಿಲ್ಲ. ಅಪ್ಪ ಇದ್ದಷ್ಟು ಕಾಲ ಅನ್ನಕ್ಕೆ ಮಜ್ಜಿಗೆ ಕಲಸಿಕೊಂಡು ಉಂಡ, ಸಾರು ಮುಟ್ಟಲಿಲ್ಲ. ಹಜೀರಾದ ದಡದಲ್ಲೀಗ ಬರೀ ಕಾರ್ಖಾನೆ. ಆ ಬಾವಿ ಎಲ್ಲಿತ್ತೆಂದು ಹೇಳುವವರೂ ಸಿಗಲಿಲ್ಲ. ನಾನು ಸೂರತ್ತಿನಲ್ಲೇ ಉಳಿದೆ. ನನ್ನ ಮಕ್ಕಳಿಗೆ ಕನ್ನಡ ಬಾರದು, ಸಾರನ್ನೂ ದಾಲ್ ಅನ್ನುತ್ತಾರೆ.

ಪಕ್ಕದ ಮನೆಯಾಕೆ ದಿನಾ ಕೇಳುತ್ತಾಳೆ, "ಕೇಮ್ ಬೆನ್, ಸಾರು ಛೆ?"

"ಛೆ," ಅನ್ನುತ್ತೇನೆ. ಅದನ್ನು ಕನ್ನಡದಲ್ಲಿ ಕೇಳಿಸಿಕೊಳ್ಳುವವರು ಈ ಮನೆಯಲ್ಲಿ ಯಾರೂ ಉಳಿದಿಲ್ಲ.