ಬಿದ್ದುಹೋದ ಗುರುತುಗಳು

ನಮ್ಮೂರಿಗೆ ಬರುವ ಹೊಸಬರನ್ನು ದೇವರು ಡೆಲ್ಬರ್ಟ್ ಹ್ಯಾಂಕಿಯ ಕಣ್ಣಿಗೆ ಬೀಳದಂತೆ ಕಾಪಾಡಲಿ. ಕೋರ್ಟಿನ ಮುಂದಿನ ಪಾರ್ಕಿನಲ್ಲಿ ಬೆಂಚಿನ ಒಂದು ತುದಿಗೆ ಸರಿದು ಕೂತು, ಅವನು ಕೇಳದವರಿಗೂ ದಾರಿ ಹೇಳುತ್ತಾನೆ. ಅವನು ಹೇಳುವ ಗುರುತುಗಳಲ್ಲಿ ಒಂದೂ ಈಗ ಊರಿನಲ್ಲಿಲ್ಲ. "ಮಾಲ್‌ಗಾ? ನೆಟ್ಟಗೆ ಹೋಗಿ, ಪಿಯಾನೋ ಕಾರ್ಖಾನೆ ಹತ್ರ ಎಡಕ್ಕೆ ತಿರುಗಿ." ಅವರು ಊರೆಲ್ಲ ಸುತ್ತಿ ವಾಪಸು ಬಂದು, "ಕಾರ್ಖಾನೆ ಎಲ್ಲೂ ಕಾಣ್ಲಿಲ್ವಲ್ಲ ಸಾರ್" ಎಂದರೆ ರೇಗುತ್ತಾನೆ: "ಹೇಗೆ ಕಾಣುತ್ತೆ? ನನ್ನ ಮದುವೆಯಾದ ವರ್ಷಾನೇ ಸುಟ್ಟುಹೋಯ್ತಲ್ಲ!" ಎದುರಿಗೇ ಹಳೇಪೇಟೆಯ ಇಟ್ಟಿಗೆ ಕಟ್ಟಡಗಳು ಪಾರಂಪರಿಕವೆಂಬ ಹಿತ್ತಾಳೆ ಫಲಕ ಹೊತ್ತು ನಿಂತಿವೆ, ಅವನ್ನೇ ಗುರುತು ಹೇಳಬಾರದೇ ಎಂದು ಒಮ್ಮೆ ಕೇಳಿದೆ. "ನಿಂತಿರೋದನ್ನ ನಂಬೋಕಾಗುತ್ತಾ? ನಾಳೆ ಕೆಡವಿ ಕಾರು ನಿಲ್ಲಿಸ್ತಾರೆ. ಬಿದ್ದುಹೋಗಿದ್ದು ಮಾತ್ರ ಇನ್ನೆಲ್ಲಿಗೂ ಹೋಗಲ್ಲ ಕಣಯ್ಯ." ಈ ತರ್ಕಕ್ಕೆ ತಲೆದೂಗುತ್ತಾ ಅವನ ಪಕ್ಕದ ಖಾಲಿ ಜಾಗದಲ್ಲಿ ಕೂರಲು ಹೋದೆ. ತಟ್ಟನೆ ಕೈ ಅಡ್ಡ ಹಿಡಿದ. "ಅಲ್ಲಿ ಬೇಡ, ಅದು ಅರ್ಲೀನ್ ಕೂರೋ ಜಾಗ." ಅವನ ಹೆಂಡತಿ ಅರ್ಲೀನಳ ಶವಪೆಟ್ಟಿಗೆಗೆ ಹೆಗಲು ಕೊಟ್ಟವರಲ್ಲಿ ನಾನೂ ಒಬ್ಬ. ಆದರೂ ಇದೇ ಊರಿನವನಲ್ಲವೇ, ಬೆಂಚನ್ನು ಬಳಸಿಕೊಂಡು ಹೋಗಿ, ಆಕೆಗೆ ಜಾಗ ಬಿಟ್ಟು ಆಚೆ ತುದಿಯಲ್ಲಿ ಕೂತೆ.