ಎಲ್ಮ್‌ಹರ್ಸ್ಟ್ ಬಂಗಲೆಯ ದಕ್ಷಿಣದ ಗೋಡೆ

ಬೆವರ್ಲಿ ಊರಿನ ಎಲ್ಮ್‌ಹರ್ಸ್ಟ್ ಬಂಗಲೆ ನೋಡಲು ಶನಿವಾರ ಬಂದವರಿಗೆ ಹೆಡ್ಲಿ ಸಟ್‌ಕ್ಲಿಫ್ ಸಿಕ್ಕರೆ ಅದೃಷ್ಟವೇ ಸರಿ. ಎಪ್ಪತ್ತೆರಡು ವರ್ಷದ ಈ ಗಾರೆ ಮೇಸ್ತ್ರಿ ಕರಣೆ ಕೆಳಗಿಟ್ಟ ಮೇಲೆ ಪುಕ್ಕಟೆಯಾಗಿ ಮನೆ ತೋರಿಸುವ ಕೆಲಸ ಹಿಡಿದಿದ್ದ. 1862ರಲ್ಲಿ ಬಂಗಲೆ ಕಟ್ಟಿಸಿದವನು ತೊಗಲು ಕಾರ್ಖಾನೆಯ ಧಣಿ. ಒಂದೇ ಒಂದು ಸಲ ಇಟಲಿ ನೋಡಿ ಬಂದಿದ್ದಕ್ಕೆ ಸೂರಿನ ಮೇಲೊಂದು ಚೌಕ ಗೋಪುರ, ನೆರೆಯವರ ಹೊಟ್ಟೆ ಉರಿಯಲಿ ಎಂದು ಬೀದಿಗೆ ಉಬ್ಬಿದ ಎರಡು ಕಿಟಕಿ, ಕೆಲಸದವರು ಕಣ್ಣಿಗೆ ಬೀಳದಿರಲಿ ಎಂದು ಹಿಂದುಗಡೆ ಇಕ್ಕಟ್ಟಿನ ಮೆಟ್ಟಿಲು. ಹೆಡ್ಲಿ ಎಲ್ಲವನ್ನೂ ನಗಿಸುತ್ತಾ ಹೇಳುತ್ತಿದ್ದ. ಆದರೆ ದಕ್ಷಿಣದ ಗೋಡೆ ಬಂತೋ, ನಡಿಗೆ ಬಿರುಸಾಗುತ್ತಿತ್ತು.

"ಬನ್ನಿ ಬನ್ನಿ, ಚಹಾ ಆರಿಹೋಗುತ್ತೆ!"

ಆ ಗೋಡೆಯ ಇಟ್ಟಿಗೆಗಳು ಸುಲಿದುಹೋಗಿದ್ದವು. 1987ರಲ್ಲಿ ಅವುಗಳ ಸಂದಿಗೆ ಸಿಮೆಂಟು ತುಂಬಿದವನು ಇದೇ ಹೆಡ್ಲಿ. ಅದು ಒಬ್ಬರಿಗೂ ಗೊತ್ತಿರಲಿಲ್ಲ.

ಮೇ ತಿಂಗಳಲ್ಲಿ ಗೋಡೆ ರಿಪೇರಿಗೆ ಜೋಸ್ಲಿನ್ ಎಂಬ ಹುಡುಗಿ ಬಂದಳು. ಸುಣ್ಣದ ಗಾರೆಯಲ್ಲಿ ಪಳಗಿದ ಕೈ. ಮೊದಲ ದಿನವೇ ಚಹಾದ ಮೇಜಿನಲ್ಲಿ ಸಿಡಿದಳು.

"ಯಾವ ಪುಣ್ಯಾತ್ಮ ಮೆತ್ತಿದ್ನೋ ಈ ಸಿಮೆಂಟು! ಮೆದು ಇಟ್ಟಿಗೆ ಕಣ್ರೀ, ಸುಣ್ಣದ ಸಂದಿಂದ್ಲೇ ಉಸಿರಾಡೋದು. ಮೂಗು ಬಾಯಿ ಎಲ್ಲ ಮುಚ್ಚಿಬಿಟ್ಟಿದಾನೆ. ನೀರು ಒಳಗೇ ನಿಂತು, ಚಳೀಲಿ ಹೆಪ್ಪುಗಟ್ಟಿ, ಮುಖಾನೇ ಕಿತ್ಕೊಂಡ್ ಬರ್ತಿದೆ."

ಬಂಗಲೆಗೆ ಬಂದವರಿಗೆ ಚಹಾ ಕೊಡುವ ಮ್ಯೂರಿಯಲ್ ಮೂಗು ಮುರಿದಳು. "ಪಕ್ಕದ ಹಲ್ ಊರೋನಿರ್ಬೇಕು ಬಿಡಮ್ಮ. ನಮ್ಮೋರು ಇಂಥ ಕೊಳಕು ಕೆಲ್ಸ ಮಾಡಲ್ಲ. ಅಲ್ವಾ ಹೆಡ್ಲಿ?"

"ಹೂಂ," ಎಂದ ಹೆಡ್ಲಿ. "ಹಲ್‌ನೋರೇ ಇರ್ಬೇಕು."

ಕಚ್ಚಿದ್ದ ಬಿಸ್ಕತ್ತನ್ನು ತಟ್ಟೆಗೆ ಹಾಕಿದ.

"ನಾಳೆ ಮಳೆನೀರಿನ ಕೊಳವೆ ಬಿಚ್ತೀನಿ," ಎಂದಳು ಜೋಸ್ಲಿನ್. "ಅದರ ಹಿಂದೆ ಹೆಸರು ಗೀಚಿರ್ತಾನೆ, ನೋಡ್ತಿರಿ. ಧಣಿ ಕಣ್ಣಿಗೆ ಬೀಳದ ಜಾಗದಲ್ಲಿ ಗುರುತು ಬಿಡೋದು ಮೇಸ್ತ್ರಿಗಳ ಚಾಳಿ, ನಂಗೊತ್ತಿಲ್ವಾ?"

ಹೆಡ್ಲಿ ಗೀಚಿದ್ದ. ಕೊಳವೆಯ ಹಿಂದೆ ಅಂಗೈಯಗಲ ಸಿಮೆಂಟು ಮೆತ್ತಿ, ಹಸಿಯಲ್ಲೇ ತನ್ನ ಹೆಸರು, ಇಸವಿ ಬರೆದಿದ್ದ. ಆವತ್ತು ಎಷ್ಟು ಬೀಗಿದ್ದ!

ಮರುದಿನ ಎಲ್ಲರಿಗಿಂತ ಮೊದಲು ಬಂದು, ಕೊಳವೆಯ ಸಂದಿಗೆ ಉಳಿ ತೂರಿಸಿ ಹೆಸರನ್ನು ಕೆತ್ತಿ ತೆಗೆಯಲು ನೋಡಿದ. ಸಿಮೆಂಟು ಜಗ್ಗಲಿಲ್ಲ. ಪಕ್ಕದ ಇಟ್ಟಿಗೆಯ ಮುಖವೇ ಕಳಚಿ ಅಂಗೈಗೆ ಬಿತ್ತು. ನೂರಕ್ಕೂ ಮಿಕ್ಕಿ ಚಳಿಗಾಲ ಕಂಡ ಇಟ್ಟಿಗೆ! ತಿರುಗಿದರೆ ಬೆನ್ನ ಹಿಂದೆ ಜೋಸ್ಲಿನ್.

ಅವಳು ಉಳಿ ನೋಡಿದಳು, ಅವನ ಕೈ ನೋಡಿದಳು.

"ಹಲ್‌ನೋರಾ?"

"ನಾನೇ ಕಣಮ್ಮ. ಆಗ ಎಲ್ಲಾರೂ ಸಿಮೆಂಟೇ..."

"ಗೊತ್ತು. ನಮ್ಮಪ್ಪಾನೂ ಮೆತ್ತಿದಾನೆ. ಅದಕ್ಕಲ್ಲ ನಂಗೆ ಬೇಜಾರು. ಇದನ್ನ ಅಳಿಸೋಕ್ ಬಂದ್ರಲ್ಲ, ಹೆಡ್ಲಿ."

ಹೆಡ್ಲಿಯ ಕಿವಿ ಕೆಂಡವಾಯಿತು. ಇಟ್ಟಿಗೆಯ ಚೂರನ್ನು ಎಲ್ಲಿಡಬೇಕೋ ತೋಚದೆ ಕೋಟಿನ ಜೇಬಿಗೆ ಹಾಕಿಕೊಂಡ.

ಶನಿವಾರ ಹನ್ನೊಂದು ಜನ ಬಂದಿದ್ದರು. ಗೋಪುರ, ಕಿಟಕಿ, ಮೆಟ್ಟಿಲು ಆಯಿತು. ಕೊಳವೆ ಬಿಚ್ಚಿದ್ದ ದಕ್ಷಿಣದ ಗೋಡೆಯ ಹತ್ತಿರ ಹೆಡ್ಲಿ ನಿಂತ. ಬಾಗಿಲಲ್ಲಿ ಮ್ಯೂರಿಯಲ್ ಚಹಾದ ತಟ್ಟೆ ಹಿಡಿದಿದ್ದಳು. ಅವಳಿಗೂ ಕೇಳುವಂತೆ, ತಲೆ ಮಾತ್ರ ಎತ್ತದೆ, ಜೇಬಿನ ಚೂರು ತೆಗೆದು ತೋರಿಸಿದ.

"ಈ ಗೋಡೆ ಕೆಡಿಸಿದ್ದು ಹಲ್‌ನೋರಲ್ಲ. ನಾನು. ಹೆಸರು ಅಲ್ಲೇ ಇದೆ, ನೋಡಿ."

ಜನ ಒಬ್ಬೊಬ್ಬರಾಗಿ ಬಗ್ಗಿ ಓದಿದರು. ಮ್ಯೂರಿಯಲ್ ಕೈಯಲ್ಲಿ ಚಹಾ ಆರುತ್ತಿತ್ತು. ಹೆಡ್ಲಿ ಯಾರನ್ನೂ ಬನ್ನಿ ಎನ್ನಲಿಲ್ಲ.