ಸಿಗ್ನಲ್ ಇಲ್ಲದ ಹಾಲ್‌ಗೆ ಲಾಗಿನ್ ಪುಟ

ಬಂದರಿನ ರೈಹಾನಾಳ ಹಟ ನಮ್ಮ ಓಣಿಗೆಲ್ಲ ಗೊತ್ತು. ಒಣಮೀನಿನ ವ್ಯಾಪಾರದಲ್ಲಿ ಅವಳ ಅಜ್ಜ ದರ ಬಿಡುತ್ತಿರಲಿಲ್ಲ. ಇವಳು ಹಿಡಿದ ಕೆಲಸ ಬಿಡುವುದಿಲ್ಲ. ಕೆಲಸವೆಂದರೆ ಲಾಡ್ಜು, ಹಾಲ್‌ಗಳಿಗೆ ವೈಫೈ ಹಾಕಿ, ಅದಕ್ಕೊಂದು ಲಾಗಿನ್ ಪುಟ ಮಾಡಿಕೊಡುವುದು. ವೈಫೈಗೆ ಸೇರಿದೊಡನೆ ಫೋನಿನಲ್ಲಿ ಆ ಪುಟ ತೆರೆಯುತ್ತದೆ. ನಂಬರ್ ಕೊಟ್ಟು, ಬಂದ ಓಟಿಪಿ ಒತ್ತಿದರಷ್ಟೇ ಇಂಟರ್ನೆಟ್.

ನೋಣಯ್ಯನವರ ಮದುವೆ ಹಾಲ್ ಇರುವುದು ನಂತೂರಿನಲ್ಲಿ, ಹೆದ್ದಾರಿಯ ಕೆಳಗೆ, ಗುಡ್ಡ ಕಡಿದ ಹೊಂಡದಲ್ಲಿ. ಒಳಗೆ ಮೊಬೈಲ್ ಸಿಗ್ನಲ್ ಸತ್ತೇ ಹೋಗುತ್ತದೆ. ಅದಕ್ಕೆಂದು ವೈಫೈ ಹಾಕಿಸಿದರೆ, ಬಿಟ್ಟಿ ಸಿಕ್ಕಿತೆಂದು ಊಟಕ್ಕೆ ಬಂದವರೆಲ್ಲ ಕ್ರಿಕೆಟ್ ನೋಡುತ್ತ ಲೈನಿನ ಉಸಿರು ಕಟ್ಟಿಸುತ್ತಿದ್ದರು. ಕೊನೆಗೆ ರೈಹಾನಾಳನ್ನು ಕರೆಸಿದರು.

ಪುಟ ಹಾಕಿದ ಮೇಲೆ ಮೊದಲು ಬಂದದ್ದು ನಾಝಿಮಾಳ ನಿಕಾಹ್. ಹುಡುಗಿಯ ತಂದೆ ಯಾಹ್ಯಾ ಗಲ್ಫಿನ ದಮ್ಮಾಮಿನಲ್ಲಿ ಕೆಲಸಕ್ಕಿದ್ದರು, ರಜೆ ಸಿಕ್ಕಿರಲಿಲ್ಲ. ಅವರ ಪರವಾಗಿ ತಮ್ಮ ಜಮಾಲುದ್ದೀನ್ ವರನ ಕೈ ಹಿಡಿದು ಹುಡುಗಿಯನ್ನು ಒಪ್ಪಿಸುವುದು, ಯಾಹ್ಯಾ ವಿಡಿಯೊ ಕರೆಯಲ್ಲಿ ನೋಡುವುದು ಎಂದು ತೀರ್ಮಾನವಾಗಿತ್ತು. ಹಿಂದೆ ರೈಹಾನಾಳ ನಿಕಾಹ್‌ನಲ್ಲಿ ಕುವೈತಿನಲ್ಲಿದ್ದ ಅವಳ ಅಪ್ಪನ ಮುಖ ನೆಟ್ ಸಿಗದೆ ಫೋನಿನ ಪರದೆಯ ಮೇಲೆ ಹಾಗೇ ನಿಂತುಬಿಟ್ಟಿತ್ತು. ಆ ಸಂಕಟ ಅವಳಿಗೆ ಇನ್ನೂ ಇಳಿದಿರಲಿಲ್ಲ.

ನಿಕಾಹ್ ನಡೆಸಿಕೊಡುವ ಖತೀಬರು ಬಂದು ಕೂತರು. ಜಮಾಲುದ್ದೀನ್ ಫೋನಿನಲ್ಲಿ ನಂಬರ್ ಒತ್ತಿದರು. ಓಟಿಪಿ ಕಳಿಸಿದ್ದೇವೆ ಎಂದಿತು ಪುಟ. ಸಿಗ್ನಲ್ಲೇ ಇಲ್ಲದ ಹೊಂಡಕ್ಕೆ ಎಸ್ಸೆಮ್ಮೆಸ್ ಎಲ್ಲಿಂದ ಬರಬೇಕು? ಈ ಜಾಣೆ ಪುಟವನ್ನು ಪರೀಕ್ಷಿಸಿ ನೋಡಿದ್ದು ಮೇಲೆ, ರಸ್ತೆ ಬದಿಯಲ್ಲಿರುವ ಹಾಲ್‌ನ ಆಫೀಸಿನಲ್ಲಿ ಕೂತು. ಜಮಾಲುದ್ದೀನ್ ಏದುಸಿರು ಬಿಡುತ್ತ ಮೇಲೆ ಓಡಿ ಓಟಿಪಿ ತಂದರು. ಕೆಳಗಿಳಿಯುವಷ್ಟರಲ್ಲಿ ಅದರ ಅವಧಿ ಮುಗಿದಿತ್ತು. ಖತೀಬರಿಗೆ ಇನ್ನೊಂದು ನಿಕಾಹ್‌ಗೆ ಹೋಗುವುದಿತ್ತು.

ನೋಣಯ್ಯನವರು ಧುಮುಗುಡುತ್ತ ರೈಹಾನಾ ಕೂತಿದ್ದ ಆಫೀಸಿಗೆ ಬಂದರು.

“ಆ ಪುಟ ತೆಗೆದು ಬಿಸಾಡು ಮಾರಾಯ್ತಿ. ಎಲ್ಲರಿಗೂ ಓಪನ್ ಬಿಡು.”

“ಬಿಟ್ರೆ ಎಲ್ಲರೂ ನುಗ್ತಾರೆ ನೋಣಯ್ಯಣ್ಣ. ಮತ್ತೆ ಯಾಹ್ಯಾ ಕಾಕನಿಗೆ ಎಂತ ಕಾಣ್ತದೆ? ತಪ್ಪು ನನ್ನದು, ನಾನೇ ಸರಿ ಮಾಡ್ತೇನೆ. ಪುಟ ತೆಗೆಯುವುದಿಲ್ಲ.”

ಲ್ಯಾಪ್‌ಟಾಪ್ ಎಳೆದುಕೊಂಡು ಕೂತಳು. ಓಟಿಪಿ ಕಿತ್ತುಹಾಕಿ, ಆ ಜಾಗದಲ್ಲಿ ತಾನೇ ಕೊಡುವ ಕೋಡ್ ಕೇಳುವಂತೆ ಪುಟವನ್ನು ಬದಲಿಸಿದಳು. ಮೊದಲ ಕೋಡನ್ನು ಒಂದು ಚೀಟಿಯಲ್ಲಿ ಬರೆದು ಜಮಾಲುದ್ದೀನರಿಗೆ ಕೊಟ್ಟಳು. ಉಳಿದವರಿಗೆಲ್ಲ ಕೋಡ್ ನಿಕಾಹ್ ಮುಗಿದ ಮೇಲೆಯೇ ಎಂದು ಹಾಲ್‌ನ ಬಾಗಿಲಲ್ಲೇ ನಿಂತಳು. ಯಾರು ಎಷ್ಟು ಗೊಣಗಿದರೂ ಜಗ್ಗಲಿಲ್ಲ.

ವೇದಿಕೆಯ ಮೇಲಿಟ್ಟ ಜಮಾಲುದ್ದೀನರ ಫೋನಿನಲ್ಲಿ ಯಾಹ್ಯಾ ಕಾಣಿಸಿದರು. ಕಂಪೆನಿಯ ಯೂನಿಫಾರ್ಮ್, ತಲೆಗೆ ಬಿಳಿ ಟೊಪ್ಪಿ. ಜಮಾಲುದ್ದೀನ್ ವರನ ಕೈ ಹಿಡಿದು, ಅಣ್ಣನ ಮಗಳನ್ನು ಒಪ್ಪಿಸುವ ಮಾತು ಆರಂಭಿಸಿದರು. ಯಾರೂ ಹೇಳಿ ಎನ್ನದಿದ್ದರೂ ದಮ್ಮಾಮಿನಿಂದ ಯಾಹ್ಯಾ ಕೂಡ ಅದೇ ಮಾತನ್ನು ಹೇಳತೊಡಗಿದರು, ತಮ್ಮನಿಗಿಂತ ತುಸು ಹಿಂದೆ, ಒಂದಕ್ಷರವೂ ತುಂಡಾಗದೆ. ಬಟ್ಟೆಯ ಪರದೆಯ ಆಚೆ ಹೆಂಗಸರ ನಡುವೆ ಕೂತಿದ್ದ ನಾಝಿಮಾ ಅಪ್ಪನ ದನಿ ಕೇಳಿ ಜೋರಾಗಿ ಅತ್ತುಬಿಟ್ಟಳು.